ಎಣಿಕೆ ಮತ್ತು ಪಡೆ: ದಿಂಡಿಗಲ್ಲಿನ ಕೋಟೆಯಿಂದ ನತ್ತಂ ಮೈದಾನದವರೆಗೆ

ದಿಂಡಿಗಲ್ಲಿನಲ್ಲಿ ನಾಲ್ವರು ಕನ್ನಡಿಗರು ಸೇರಿದರೆ ಮಾತು ಸುತ್ತಿ ಬಳಸಿ ಬೆಟ್ಟದ ಮೇಲಿನ ಕೋಟೆಗೆ ಬಂದು ನಿಲ್ಲುತ್ತದೆ. ಮಧುರೆಯ ನಾಯಕರು ಕಟ್ಟಿಸಿದ, ಮೈಸೂರಿನವರು ಬಲಪಡಿಸಿದ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾದ ಆ ಕೋಟೆ ನಮಗೂ ಈ ಸೀಮೆಗೂ ಇರುವ ನಂಟಿಗೆ ಕಲ್ಲಿನ ಸಾಕ್ಷಿ. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಒಕ್ಕಲಿಗ ಮನೆತನಗಳು ಅದರ ಜೀವಂತ ಸಾಕ್ಷಿ. ಈ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಬಂಧುಗಳು ಕೇಳಿದಾಗ ನಾನೂ ಕೋಟೆಯ ಬಗೆಗೇ ಬರೆಯಲು ಕುಳಿತವನು. ಓದುತ್ತ ಹೋದಂತೆ ಗೋಡೆ ಬುರುಜುಗಳಿಗಿಂತ ಬೇರೆಯೊಂದು ಸಂಗತಿ ಮನಸ್ಸನ್ನು ಹಿಡಿಯಿತು. ಅದು, ಈ ಊರಿನಲ್ಲಿ ಒಬ್ಬ ಮನುಷ್ಯ ಜನರನ್ನು ಎಣಿಸಿ ಪಡೆ ಕಟ್ಟಿದ ಬಗೆ.

ಲೆಕ್ಕ, ವಿನ್ಯಾಸ, ನಾಯಕತ್ವ ಎಂಬ ಮೂರನ್ನು ಒಂದುಗೂಡಿಸಿ ತಂಡ ಕಟ್ಟುವ ವಿದ್ಯೆಯನ್ನು ಈಗ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಕಲಿಸುತ್ತಾರೆ. ಪಾಠಕ್ಕೆ ಆರಿಸಿಕೊಳ್ಳುವ ಉದಾಹರಣೆ ಹೆಚ್ಚಾಗಿ ಅಮೆರಿಕದ ಒಂದು ಬೇಸ್‌ಬಾಲ್ ತಂಡ. ನಮ್ಮ ಮಕ್ಕಳು ಕಾಲೇಜಿನಿಂದ ಈ ಕಥೆಯನ್ನು ಕೇಳಿಕೊಂಡು ಬಂದು ನಮಗೆ ಹೇಳುತ್ತಾರೆ. ನಾವು ಅವರಿಗೆ ತಿರುಗಿ ಹೇಳಬಹುದಾದ ಎರಡು ಕಥೆಗಳು ಇದೇ ಜಿಲ್ಲೆಯಲ್ಲಿವೆ. ಒಂದು ಕೋಟೆಯದು, ಇನ್ನೊಂದು, ಸಿರುಮಲೈಯ ಮಗ್ಗುಲಲ್ಲಿ ಹಾದುಹೋಗುವ ರಸ್ತೆಯಲ್ಲಿ ಸಾಗಿದರೆ ಸಿಗುವ ನತ್ತಂ ಊರಿನ ಕ್ರಿಕೆಟ್ ಮೈದಾನದ್ದು.

ಕೋಟೆಯ ಕಥೆ ಮೊದಲು. 1755ರಲ್ಲಿ ಹೈದರ್ ಅಲಿ ದಿಂಡಿಗಲ್ಲಿಗೆ ಫೌಜುದಾರನಾಗಿ ಬಂದನು. ತಿರುಚಿನಾಪಳ್ಳಿಯ ಆಸೆಗೆ ಬಿದ್ದು ಮೈಸೂರಿನ ಬೊಕ್ಕಸವನ್ನು ಬರಿದು ಮಾಡಿಕೊಂಡ ಕರಾಚೂರಿ ನಂಜರಾಜಯ್ಯ ಬರಿಗೈಯಲ್ಲಿ ಹಿಂದಿರುಗಿದ ಕಾಲವದು. ಸುತ್ತಲಿನ ಪಾಳೆಯಗಾರರು ಕಪ್ಪ ಕೊಡುವುದನ್ನು ಮರೆತಿದ್ದರು. ಹೈದರನಿಗೆ ಓದು ಬರಹ ಬಾರದು. ಆದರೆ ಒಮ್ಮೆ ಕೇಳಿದ ಮೊತ್ತವನ್ನು ಮರೆಯದ ನೆನಪು, ಮನಸ್ಸಿನಲ್ಲೇ ಕೂಡಿ ಕಳೆಯುವ ಶಕ್ತಿ ಅವನಲ್ಲಿ ಅಪಾರವಾಗಿತ್ತೆಂಬುದನ್ನು ಅವನ ಮಿತ್ರರೂ ಶತ್ರುಗಳೂ ಒಪ್ಪುತ್ತಾರೆ. ಬರವಣಿಗೆಯ ಲೆಕ್ಕಕ್ಕೆ ಖಂಡೇರಾವ್ ಎಂಬ ಬ್ರಾಹ್ಮಣ ಲೆಕ್ಕಿಗನಿದ್ದನು. ತಿರುಚಿನಾಪಳ್ಳಿಯ ದಂಡಯಾತ್ರೆಯ ಕಾಲದಿಂದಲೂ ಹೈದರನ ಪಡೆಗೆ ಬಂದ ಆದಾಯದ ಕಡತಗಳನ್ನು ಹಿಡಿದವನು ಅವನೇ. ಹೈದರ್ ದಿಂಡಿಗಲ್ಲಿಗೆ ಹೊರಟಾಗ ಖಂಡೇರಾವ್ ಅವನ ಪರವಾಗಿ ಶ್ರೀರಂಗಪಟ್ಟಣದ ಆಸ್ಥಾನದಲ್ಲಿ ಉಳಿದನು. ಒಬ್ಬನು ಇಲ್ಲಿ ಪಡೆ ಕಟ್ಟುವುದು, ಇನ್ನೊಬ್ಬನು ಅಲ್ಲಿ ಅದಕ್ಕೆ ಹಣ ಮಂಜೂರು ಮಾಡಿಸುವುದು.

ಕಟ್ಟಿದ ಪಡೆಯಾದರೂ ಎಂಥದು? ಹಳೆಯ ಬಗೆಯ ದಂಡಿನಲ್ಲಿ ಕುದುರೆ, ಈಟಿ, ಗದ್ದಲ ಇವೇ ಹೆಚ್ಚು. ಹೈದರ್ ತಿರುಚಿನಾಪಳ್ಳಿಯ ಬಯಲಿನಲ್ಲಿ ಫ್ರೆಂಚರನ್ನೂ ಇಂಗ್ಲಿಷರನ್ನೂ ಹತ್ತಿರದಿಂದ ಕಂಡವನು. ಒಂದೇ ಏಟಿಗೆ ಒಟ್ಟಿಗೆ ಗುಂಡು ಹಾರಿಸುವ ಸಣ್ಣ ಸಾಲು, ಗೊತ್ತುಗುರಿಯಿಲ್ಲದ ದೊಡ್ಡ ಗುಂಪನ್ನು ಹೇಗೆ ಚದುರಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದನು. ಆದುದರಿಂದ ತಿರುಚಿನಾಪಳ್ಳಿ, ಶ್ರೀರಂಗ, ಪುದುಚೇರಿಗಳಿಂದ ಕುಶಲ ಕೆಲಸಗಾರರನ್ನು ಕರೆಸಿ, ಫ್ರೆಂಚ್ ಮೇಸ್ತ್ರಿಗಳ ಕೈಕೆಳಗೆ ದಿಂಡಿಗಲ್ಲಿನಲ್ಲಿ ಫಿರಂಗಿ ಮತ್ತು ಮದ್ದಿನ ಕಾರ್ಖಾನೆಯನ್ನು ತೆರೆದನು. ಮುಂದೆ ಪೊಳ್ಳಿಲೂರಿನವರೆಗೂ ಕಂಪನಿಯನ್ನು ನಡುಗಿಸಿದ ಮೈಸೂರು ಸೈನ್ಯದ ಮೊದಲ ಅಚ್ಚು ಬಿದ್ದದ್ದು ಈ ಊರಿನಲ್ಲಿ ಎಂದರೆ ಅತಿಶಯೋಕ್ತಿಯಲ್ಲ. ಇಂದು ಬೀಗಕ್ಕೆ ಹೆಸರಾದ ದಿಂಡಿಗಲ್ಲಿನಲ್ಲಿ ಅಂದು ಫಿರಂಗಿಯ ಕಮ್ಮಟವಿತ್ತು.

ಇಲ್ಲಿಯವರೆಗೆ ಎಲ್ಲ ಮೆಚ್ಚತಕ್ಕದ್ದೇ. ಮುಂದಿನದನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ನಮ್ಮ ನಾಡಿನ ಇತಿಹಾಸವನ್ನು ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್‌ನ ಮಾತಿನಿಂದ ತಿಳಿಯಬೇಕು. ಪಾಳೆಯಗಾರರೊಡನೆ ನಡೆದ ಒಂದು ಕಾಳಗದಲ್ಲಿ ಹೈದರನ ಕಡೆ ಗಾಯಗೊಂಡವರು 67 ಮಂದಿ. ಗಾಯಾಳುವಿಗೆ ವಾಸಿಯಾಗುವ ತನಕ ತಿಂಗಳಿಗೆ 14 ರೂಪಾಯಿ ಕೊಡುವ ‘ಜಖಂ ಪಟ್ಟಿ’ಯ ಪದ್ಧತಿ ಮೈಸೂರಿನಲ್ಲಿತ್ತು. ಪರೀಕ್ಷಿಸಿ ಹಣ ಹಂಚಲು ಆಸ್ಥಾನದಿಂದ ಅಧಿಕಾರಿ ಬಂದಾಗ, ಅರಿಸಿನದ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಕೈಕಾಲುಗಳಿಗೆ ಸುತ್ತಿಕೊಂಡ 700 ಮಂದಿ ಸಾಲಾಗಿ ನಿಂತಿದ್ದರಂತೆ. ಹಣವೆಲ್ಲ ಬಂದಮೇಲೆ ನಿಜವಾದ ಗಾಯಾಳುಗಳಿಗೆ ತಿಂಗಳಿಗೆ 7 ರೂಪಾಯಿಯಂತೆ ಸಂದಿತು. ಉಳಿದದ್ದು ಫೌಜುದಾರನ ಪೆಟ್ಟಿಗೆಗೆ. ಸೈನಿಕರ ಹಾಜರಿ ತೆಗೆದುಕೊಳ್ಳುವಾಗಲೂ ಇದೇ ಚಮತ್ಕಾರ. ಎಣಿಸಿಕೊಂಡವರು ಸುತ್ತು ಹಾಕಿ ಬಂದು ಮತ್ತೆ ಸಾಲಿನಲ್ಲಿ ನಿಲ್ಲುವಂತೆ ಏರ್ಪಡಿಸಿದ್ದರಿಂದ 10,000 ಜನ 18,000 ಆಗಿ ಲೆಕ್ಕಕ್ಕೆ ಬಂದರು.

ವಿಲ್ಕ್ಸ್ ಗೆದ್ದವರ ಕಡೆಯ ಇತಿಹಾಸಕಾರ. ಸೋತ ಮನೆತನದ ಮೂಲಪುರುಷನನ್ನು ವಂಚಕನೆಂದು ಬಣ್ಣಿಸುವುದರಲ್ಲಿ ಅವನಿಗೆ ಸಂತೋಷವಿದ್ದೀತು. ಅರಿಸಿನದ ಬಣ್ಣ ಸ್ವಲ್ಪ ಗಾಢವಾಗಿಯೇ ಬಿದ್ದಿರಬಹುದು. ಹಾಗಿದ್ದರೂ ಈ ಕಥೆಯಲ್ಲಿ ನನ್ನನ್ನು ಕಾಡುವುದು ವಂಚನೆಯಲ್ಲ, 67 ಎಂಬ ಅಂಕೆ. ಆಸ್ಥಾನಕ್ಕೆ 700 ಎಂದು ತೋರಿಸಿದವನಿಗೆ ಗಾಯಗೊಂಡವರು 67 ಎಂಬುದು ಒಂದೂ ಹೆಚ್ಚುಕಡಿಮೆಯಿಲ್ಲದೆ ತಿಳಿದಿತ್ತು. ಸುಳ್ಳು ಲೆಕ್ಕವನ್ನು ಮೇಲಕ್ಕೆ ಕಳುಹಿಸಿ ನಿಜವಾದ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡ ಮೇಲಧಿಕಾರಿಗಳನ್ನು ಕಚೇರಿಗಳಲ್ಲಿ ದುಡಿದ ನಾವೆಲ್ಲರೂ ಕಂಡಿದ್ದೇವೆ. ಕಾಣದಿರುವುದು ಅವರಲ್ಲಿ ಹೈದರನ ಸಾಮರ್ಥ್ಯವನ್ನು.

ಈ ಜೋಡಿ ಬಹಳ ಕಾಲ ಬಾಳಲಿಲ್ಲ. 1760ರಲ್ಲಿ ಖಂಡೇರಾವ್ ಅರಮನೆಯ ಪಕ್ಷವನ್ನು ಸೇರಿ ಹೈದರನ ಮೇಲೆ ತಿರುಗಿಬಿದ್ದನು. ಹೈದರ್ ರಾತ್ರೋರಾತ್ರಿ ಶ್ರೀರಂಗಪಟ್ಟಣದಿಂದ ಓಡಿಹೋಗಬೇಕಾಯಿತು. ಮರುವರ್ಷ ಬಲ ಕೂಡಿಸಿಕೊಂಡು ಹಿಂದಿರುಗಿದಾಗ, ಖಂಡೇರಾಯನ ಪ್ರಾಣ ಉಳಿಸಬೇಕೆಂದು ಅರಮನೆಯ ಹೆಂಗಸರು ಬೇಡಿದರೆಂದೂ, ಗಿಳಿಯಂತೆ ಸಾಕುವೆನೆಂದು ಮಾತು ಕೊಟ್ಟ ಹೈದರ್ ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದೂ ಪ್ರಸಿದ್ಧವಾದ ಐತಿಹ್ಯವಿದೆ. ನಾಯಕನ ಎರಡು ಲೆಕ್ಕಗಳನ್ನೂ ಬಲ್ಲ ಲೆಕ್ಕಿಗನು ನಾಯಕನನ್ನು ಎಷ್ಟು ದಿನ ನಂಬಿಯಾನು ಎಂದು ನಾನು ಕೇಳಿಕೊಳ್ಳುತ್ತೇನೆ. ಇದು ನನ್ನ ಊಹೆ; ದಾಖಲೆಯ ಮಾತಲ್ಲ.

ಇನ್ನು ಮಕ್ಕಳು ಹೇಳುವ ಬೇಸ್‌ಬಾಲಿನ ಕಥೆಗೆ ಬರೋಣ. ಆ ಆಟದ ಅಂಕಿ ಅಂಶಗಳ ಮೂಲಪುರುಷ ಒಬ್ಬ ಕ್ರಿಕೆಟ್ ವರದಿಗಾರ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಹೆನ್ರಿ ಚಾಡ್ವಿಕ್, ಕ್ರಿಕೆಟಿನ ಸ್ಕೋರ್ ಪಟ್ಟಿಯನ್ನು ಬೇಸ್‌ಬಾಲಿಗೆ ಹೊಂದಿಸಿದನು. ದಾಂಡಿಗನ ಸರಾಸರಿಯನ್ನು ಆ ಆಟದಲ್ಲಿ ರೂಢಿಗೆ ತಂದವನೂ ಅವನೇ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ನಾಲ್ಕು ಬಾರಿ ದಾರಿ ತಪ್ಪಿದ ಎಸೆತ ಹಾಕಿದರೆ, ಅವುಗಳಿಗೆ ದಾಂಡು ಬೀಸದೆ ತಾಳ್ಮೆಯಿಂದ ನಿಂತ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸಿಗೆ ನಡೆದುಹೋಗಬಹುದು. ಇದು ಎಸೆದವನ ತಪ್ಪು, ಬ್ಯಾಟರನ ಗುಣವಲ್ಲ ಎಂದು ಚಾಡ್ವಿಕ್ ತೀರ್ಮಾನಿಸಿದನು. ಅದನ್ನು ಸರಾಸರಿಯಲ್ಲಿ ಸೇರಿಸಲಿಲ್ಲ. ಒಬ್ಬ ಮನುಷ್ಯನ ಈ ಒಂದು ತೀರ್ಮಾನದಿಂದ ನೂರಕ್ಕೂ ಹೆಚ್ಚು ವರ್ಷ ತಾಳ್ಮೆಗೆ ಬೆಲೆಯಿಲ್ಲದೆ ಹೋಯಿತು. ಪಟ್ಟಿಯಲ್ಲಿಲ್ಲದ ಗುಣಕ್ಕೆ ಸಂಬಳವೂ ಇಲ್ಲ.

ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯನಾದ ಬಿಲ್ ಜೇಮ್ಸ್, ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಡಬ್ಬಿ ಆಹಾರ ತಯಾರಿಸುವ ಕಾರ್ಖಾನೆಯ ರಾತ್ರಿ ಕಾವಲುಗಾರನಾಗಿದ್ದವನು. ಕಾವಲಿನ ಬಿಡುವಿನಲ್ಲಿ ಹಳೆಯ ಪಂದ್ಯಗಳ ಪಟ್ಟಿಗಳನ್ನು ಕೂಡಿ ಕಳೆದು, 1977ರಲ್ಲಿ ತನ್ನ ಖರ್ಚಿನಲ್ಲೇ ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಿದನು. ಕ್ರೀಡಾಸಂಸ್ಥೆಗಳು ಬಹಳ ವರ್ಷ ಅವನ ಕಡೆ ತಿರುಗಿ ನೋಡಲಿಲ್ಲ. ಓಕ್ಲೆಂಡ್ ಎಂಬ ಬಡ ತಂಡ ಆ ವಿಚಾರಗಳನ್ನು ಗಂಭೀರವಾಗಿ ತೆಗೆದುಕೊಂಡಿತು. 2001ರ ಕೊನೆಗೆ ಅದರ ಮೂವರು ಪ್ರಮುಖ ಆಟಗಾರರು ಹೆಚ್ಚು ಹಣ ಕೊಡುವ ತಂಡಗಳಿಗೆ ಹೊರಟುಹೋದರು. ವ್ಯವಸ್ಥಾಪಕ ಬಿಲ್ಲಿ ಬೀನ್ ಮತ್ತು ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರ ಓದಿದ ಪಾಲ್ ಡಿಪೊಡೆಸ್ಟಾ ಕುಳಿತು, ಉಳಿದವರು ಕಡೆಗಣಿಸಿದ ಆಟಗಾರರನ್ನು ಅಗ್ಗದ ಬೆಲೆಗೆ ಹುಡುಕಿದರು. ಮೊಣಕೈ ನರಕ್ಕೆ ಪೆಟ್ಟಾಗಿ ಚೆಂಡನ್ನು ಸರಿಯಾಗಿ ಎಸೆಯಲಾರದೆ ಹೋದ ಸ್ಕಾಟ್ ಹ್ಯಾಟೆಬರ್ಗ್ ಎಂಬ ವಿಕೆಟ್‌ಕೀಪರನಂಥ ಆಟಗಾರ ಅವರಲ್ಲೊಬ್ಬ. ಎಸೆತದ ಕೆಲಸ ಹೆಚ್ಚಿಲ್ಲದ ಮೊದಲ ಬೇಸಿನಲ್ಲಿ ಅವನನ್ನು ನಿಲ್ಲಿಸಿ, ಅವನ ತಾಳ್ಮೆಯನ್ನು ತಂಡಕ್ಕೆ ಪಡೆದುಕೊಂಡರು. 2002ರಲ್ಲಿ ಆ ತಂಡ ಸತತವಾಗಿ 20 ಪಂದ್ಯಗಳನ್ನು ಗೆದ್ದಿತು. ಇಪ್ಪತ್ತನೆಯದನ್ನು ಗೆಲ್ಲಿಸಿದ ಹೊಡೆತ ಹ್ಯಾಟೆಬರ್ಗನದೇ. ಸುಮಾರು 4 ಕೋಟಿ ಡಾಲರ್ ಸಂಬಳದ ಓಕ್ಲೆಂಡ್ ಆ ವರ್ಷ 103 ಪಂದ್ಯ ಗೆದ್ದರೆ, 12 ಕೋಟಿಗೂ ಹೆಚ್ಚು ವೆಚ್ಚ ಮಾಡಿದ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ 103. ಆದರೆ ಪ್ರಶಸ್ತಿಯ ಸುತ್ತಿನಲ್ಲಿ ಓಕ್ಲೆಂಡ್ ಮೊದಲ ಹಂತದಲ್ಲೇ ಸೋತು ಮನೆಗೆ ಹೋಯಿತು ಎಂಬುದನ್ನು ಕಾಲೇಜಿನ ಪಾಠದಲ್ಲಿ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಹ್ಯಾಟೆಬರ್ಗನ ಕೈಯ ಕಥೆ ಕೇಳಿದ ಕನ್ನಡಿಗನಿಗೆ ಮೈಸೂರಿನ ಬಿ.ಎಸ್. ಚಂದ್ರಶೇಖರ್ ನೆನಪಾಗದಿರಲು ಸಾಧ್ಯವೇ? ಎಳೆಯ ವಯಸ್ಸಿನ ಪೋಲಿಯೊದಿಂದ ಬಡಕಲಾದ ಅವರ ಬಲಗೈಯೇ ಚೆಂಡಿಗೆ ಚಾಟಿಯ ವೇಗವನ್ನು ಕೊಟ್ಟಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಸೆಯುತ್ತಿದ್ದದ್ದು ಎಡಗೈಯಿಂದ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವನ್ನು ತಂದುಕೊಟ್ಟರು. ಅವರು ಟೆಸ್ಟ್ ಪಂದ್ಯಗಳಲ್ಲಿ ಪಡೆದ ವಿಕೆಟ್ 242, ಗಳಿಸಿದ ರನ್ 167. ಎಲ್ಲ ಬಲ್ಲ ಆಟಗಾರನನ್ನೇ ಹುಡುಕುವ ಆಯ್ಕೆದಾರರು ಇಂಥವರನ್ನು ಬಾಗಿಲಲ್ಲೇ ತಡೆದುಬಿಡುತ್ತಿದ್ದರು. ಕುಂದನ್ನು ಮುಚ್ಚಿಡದೆ, ಅದರ ಸುತ್ತ ಕೆಲಸವನ್ನು ಹೊಂದಿಸುವುದೇ ವಿನ್ಯಾಸವೆಂದು ಈಗ ಹೇಳುತ್ತಾರೆ. ಅಂದು ಯಾರೂ ಆ ಹೆಸರನ್ನು ಇಟ್ಟಿರಲಿಲ್ಲ.

1973ರ ನವೆಂಬರಿನಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದೇ ಋತುವಿನಲ್ಲಿ, ಸತತ 15 ವರ್ಷ ರಣಜಿ ಟ್ರೋಫಿಯನ್ನು ತನ್ನದಾಗಿಸಿಕೊಂಡಿದ್ದ ಮುಂಬಯಿಯನ್ನು ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಒಟ್ಟು 385. ಮುಂಬಯಿಯ ಉತ್ತರ 307. ನಾಯಕ ಎರಪಳ್ಳಿ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ ಎಸೆತವನ್ನು ನೋಡಿದವರು ಇಂದಿಗೂ ಕೈಯಾಡಿಸಿ ವರ್ಣಿಸುತ್ತಾರೆ. ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆದದ್ದು ಮಾತ್ರ ಯಾರ ಲೆಕ್ಕದಲ್ಲೂ ಇದ್ದದ್ದಲ್ಲ. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಗೆದ್ದಿತು.

ಈ ಪ್ರಸನ್ನ ಮೈಸೂರಿನಲ್ಲಿ ಓದಿದ ಇಂಜಿನಿಯರ್. 1962ರ ವೆಸ್ಟ್ ಇಂಡೀಸ್ ಪ್ರವಾಸದ ಬಳಿಕ ಓದು ಮುಗಿಸಲೆಂದು ದೂರ ಸರಿದು 1967ರಲ್ಲಷ್ಟೇ ಟೆಸ್ಟಿಗೆ ಮರಳಿದರು. ಅವರ ಸಮಕಾಲೀನ ವೆಂಕಟರಾಘವನ್ ಮದರಾಸಿನ ಗಿಂಡಿ ಕಾಲೇಜಿನ ಇಂಜಿನಿಯರ್, ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು, ರವಿಚಂದ್ರನ್ ಅಶ್ವಿನ್ ಚೆನ್ನೈಯಲ್ಲಿ ಮಾಹಿತಿ ತಂತ್ರಜ್ಞಾನ ಓದಿದವರು. ಕನ್ನಡ ನಾಡಿಗೂ ತಮಿಳು ನಾಡಿಗೂ ಹೊಳೆಯ ನೀರಿನ ಜಗಳ ಎಷ್ಟೇ ಇರಲಿ, ಚೆಂಡನ್ನು ತಿರುಗಿಸುವ ಇಂಜಿನಿಯರುಗಳನ್ನು ಹೆರುವುದರಲ್ಲಿ ಎರಡೂ ಒಂದೇ ಎನ್ನಬೇಕು.

ಅಶ್ವಿನ್ ಹೆಸರು ಬಂದುದರಿಂದ ಮತ್ತೆ ನಮ್ಮ ಜಿಲ್ಲೆಗೆ ಹಿಂದಿರುಗಬಹುದು. 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಆರಂಭವಾದಾಗ ಚೆನ್ನೈಯ ಹೊರಗೆ ಪಂದ್ಯಗಳು ನಡೆದ ಸ್ಥಳಗಳಲ್ಲಿ ನತ್ತಂನ ಎನ್.ಪಿ.ಆರ್. ಕಾಲೇಜಿನ ಮೈದಾನವೂ ಒಂದು. ಬೆಟ್ಟಗಳ ಸಾಲನ್ನು ಬೆನ್ನಿಗಿಟ್ಟುಕೊಂಡ ಅಂಥ ಚೆಲುವಾದ ಮೈದಾನ ದೊಡ್ಡ ನಗರಗಳಲ್ಲೂ ಅಪರೂಪ. ಊರಿನ ಹೆಸರು ಹೊತ್ತ ‘ದಿಂಡಿಗಲ್ ಡ್ರ್ಯಾಗನ್ಸ್’ ತಂಡ ಮೊದಲ ವರ್ಷದಿಂದಲೂ ಇದೆ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಅಂದು ಈ ತಂಡದಲ್ಲಿ ಆಡಿ, ದಾಂಡಿಗನ ಪಾದದ ಬುಡಕ್ಕೇ ಬೀಳುವ ಯಾರ್ಕರ್ ಎಸೆತಗಳಿಂದ ದೇಶದ ಕಣ್ಣಿಗೆ ಬಿದ್ದರು. ಮರುವರ್ಷ ಐಪಿಎಲ್ ಹರಾಜಿನಲ್ಲಿ ಪಂಜಾಬ್ ತಂಡ ಅವರಿಗೆ 3 ಕೋಟಿ ರೂಪಾಯಿ ಕೊಟ್ಟಿತು. 2018, 2019 ಎರಡು ವರ್ಷವೂ ಡ್ರ್ಯಾಗನ್ಸ್ ಫೈನಲ್ ತಲುಪಿ ಸೋತಿತು.

2018ರ ಸೋಲು ಮಧುರೆಯ ತಂಡದ ಕೈಯಲ್ಲಿ. ಆ ತಂಡದಲ್ಲಿದ್ದ ವರುಣ್ ಚಕ್ರವರ್ತಿಯ ಬಗೆಗೆ ಎರಡು ಮಾತು ಹೆಚ್ಚು ಹೇಳಬೇಕು. ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಹಾಗೆಂದು ಅವರನ್ನು ಕನ್ನಡಿಗರ ಪಟ್ಟಿಗೆ ಸೇರಿಸಿ ಚಪ್ಪಾಳೆ ತಟ್ಟುವುದು ಬೇಡ. ಬೆಳೆದದ್ದು, ಆಡಿದ್ದು ಎಲ್ಲ ತಮಿಳುನಾಡಿನಲ್ಲಿ. ಹುಡುಗನಾಗಿದ್ದಾಗ ವಿಕೆಟ್‌ಕೀಪರ್. ತಂಡಗಳಲ್ಲಿ ಸ್ಥಾನ ಸಿಗದೆ ಆಟ ಬಿಟ್ಟು ವಾಸ್ತುಶಿಲ್ಪ ಓದಿ, ಕಟ್ಟಡಗಳ ನಕ್ಷೆ ಬರೆದು ಕೆಲವು ವರ್ಷ ಜೀವನ ಸಾಗಿಸಿದರು. ನಡುವೆ ತಮಿಳು ಚಿತ್ರವೊಂದರಲ್ಲಿ ಸಣ್ಣ ಪಾತ್ರವನ್ನೂ ಮಾಡಿದರು. ಟೆನಿಸ್ ಚೆಂಡಿನ ಆಟದಿಂದ ಮತ್ತೆ ಮೈದಾನಕ್ಕೆ ಬಂದು ವೇಗದ ಬೌಲರ್ ಆದರು, ಮಂಡಿಗೆ ಪೆಟ್ಟಾಯಿತು. ಆಗ ಓಟವನ್ನು ಕಡಿಮೆ ಮಾಡಿ, ಬೆರಳುಗಳ ಹಿಡಿತವನ್ನು ಬಗೆಬಗೆಯಾಗಿ ಬದಲಿಸಿ, ದಾಂಡಿಗನಿಗೆ ಯಾವ ಕಡೆ ತಿರುಗುವುದೆಂದು ತಿಳಿಯದ ಸ್ಪಿನ್ನನ್ನು ರೂಪಿಸಿಕೊಂಡರು. ಒಂದು ನಕ್ಷೆ ಕೂಡದಿದ್ದರೆ ಹರಿದು ಇನ್ನೊಂದನ್ನು ಬರೆಯುವ ಅಭ್ಯಾಸ ಅವರ ಹಳೆಯ ವೃತ್ತಿಯದು. 2018ರ ಲೀಗಿನಲ್ಲಿ ಅವರು ಓವರಿಗೆ ಸರಾಸರಿ ಐದು ರನ್ನುಗಳನ್ನೂ ಕೊಡಲಿಲ್ಲ. ಇಪ್ಪತ್ತು ಓವರುಗಳ ಆಟದಲ್ಲಿ ಅದು ನಂಬಲಾಗದ ಮಾತು. ಆ ಡಿಸೆಂಬರಿನ ಐಪಿಎಲ್ ಹರಾಜಿನಲ್ಲಿ 20 ಲಕ್ಷ ಮೂಲಬೆಲೆಯ ವರುಣ್ 8.4 ಕೋಟಿಗೆ ಹೋದರು. ಮುಂದೆ 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಮೂರೇ ಪಂದ್ಯಗಳಲ್ಲಿ 9 ವಿಕೆಟ್ ಪಡೆದು ಭಾರತದ ಗೆಲುವಿನಲ್ಲಿ ಪಾಲು ಪಡೆದರು.

2023ರಲ್ಲಿ ತಮಿಳುನಾಡಿನ ಲೀಗಿಗೂ ಹರಾಜು ಬಂದಿತು. ಪ್ರತಿ ತಂಡಕ್ಕೂ 70 ಲಕ್ಷ ರೂಪಾಯಿಯ ಮಿತಿ. ಇಲ್ಲಿ ಓಕ್ಲೆಂಡಿನಂತೆ ಬಡವ ಬಲ್ಲಿದರ ಹೋರಾಟವಿಲ್ಲ. ಎಲ್ಲರ ಗಂಟೂ ಒಂದೇ ತೂಕ. ಕೊಯಮತ್ತೂರಿನ ತಂಡ ಸಾಯಿ ಸುದರ್ಶನ್ ಒಬ್ಬರಿಗೇ 21.6 ಲಕ್ಷ ಕೊಟ್ಟಿತು. ಅಂದರೆ ಗಂಟಿನ ಮೂರರಲ್ಲೊಂದು ಭಾಗಕ್ಕೆ ಹತ್ತಿರ. ಲೆಕ್ಕದ ಪುಸ್ತಕಗಳು ಇಂಥದನ್ನು ಅವಿವೇಕ ಎನ್ನುತ್ತವೆ. ಕೊಯಮತ್ತೂರು ಆ ವರ್ಷ ಪ್ರಶಸ್ತಿಯನ್ನೇ ಗೆದ್ದುಕೊಂಡಿತು! ವರುಣ್ ಅದೇ ಹರಾಜಿನಲ್ಲಿ ದಿಂಡಿಗಲ್ಲಿಗೆ ಬಂದರು. ಐದು ವರ್ಷದ ಹಿಂದೆ ನಮ್ಮನ್ನು ಸೋಲಿಸಿದವರು ನಮ್ಮವರಾದರು.

2024ರಲ್ಲಿ ಡ್ರ್ಯಾಗನ್ಸ್ ನಾಯಕ ಅಶ್ವಿನ್. ಎದುರಾಳಿಯ ಅಂಕಿ ಅಂಶಗಳನ್ನು ಅವರಷ್ಟು ಆಸ್ಥೆಯಿಂದ ಓದುವ, ಓದಿದ್ದನ್ನು ಸಾರ್ವಜನಿಕವಾಗಿ ಚರ್ಚಿಸುವ ಆಟಗಾರ ಭಾರತದಲ್ಲಿ ಇನ್ನೊಬ್ಬರಿಲ್ಲ. ಇಂಥ ನಾಯಕರು ಸಾಮಾನ್ಯವಾಗಿ ಅಂಕೆಗಳನ್ನು ಇತರರ ಮೇಲೆ ಪ್ರಯೋಗಿಸುತ್ತಾರೆ: ನೀನು ಮೂರನೆಯವನು, ನೀನು ಆರನೆಯವನು, ನಿನಗೆ ಇಂದು ಸ್ಥಾನವಿಲ್ಲ. ಅಶ್ವಿನ್ ವೃತ್ತಿಯಲ್ಲಿ ಬೌಲರ್. ದೇಶದ ತಂಡದಲ್ಲಿ ಏಳನೆಯವರಾಗಿಯೋ ಎಂಟನೆಯವರಾಗಿಯೋ ದಾಂಡು ಹಿಡಿಯುತ್ತಿದ್ದವರು. ಸೋತರೆ ಹೊರಹೋಗುವ ನಿರ್ಣಾಯಕ ಪಂದ್ಯಗಳು ಬಂದಾಗ ಅವರು ದಾಂಡಿಗರ ಮೇಲಿನ ಕ್ರಮಾಂಕಕ್ಕೆ ತಮ್ಮನ್ನೇ ಕಳುಹಿಸಿಕೊಂಡರು. ಫಲಿಸದಿದ್ದರೆ ಹಾಸ್ಯಕ್ಕೆ ಗುರಿಯಾಗುವವರೂ ಅವರೇ. ಚೆಪಾಕ್ ತಂಡದ ಎದುರು 57, ತಿರುಪ್ಪೂರಿನ ಎದುರು 30 ಎಸೆತಗಳಲ್ಲಿ ಔಟಾಗದೆ 69, ಆಗಸ್ಟ್ 4ರಂದು ಫೈನಲ್‌ನಲ್ಲಿ ಅದೇ ಕೊಯಮತ್ತೂರಿನ ಎದುರು 52. ದಿಂಡಿಗಲ್ಲಿನ ಹೆಸರಿಗೆ ಮೊದಲ ಪ್ರಶಸ್ತಿ ಸಂದಿತು. ಖಂಡೇರಾಯನ ಕೆಲಸವನ್ನೂ ಹೈದರನ ಕೆಲಸವನ್ನೂ ಒಬ್ಬನೇ ಮಾಡಿದಾಗ, ಮತ್ತು ಲೆಕ್ಕ ಎರಡಾಗದೆ ಒಂದೇ ಆಗಿದ್ದಾಗ, ಪಡೆಗೆ ನಾಯಕನಲ್ಲಿ ಬರುವ ನಂಬಿಕೆಯೇ ಬೇರೆ ಎಂದು ನನಗೆ ತೋರುತ್ತದೆ. ಮರುವರ್ಷದ ಫೈನಲ್‌ನಲ್ಲಿ ತಿರುಪ್ಪೂರು ಇದೇ ದಿಂಡಿಗಲ್ಲನ್ನು ಸೋಲಿಸಿತು ಎಂಬುದನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ನಾನೂ ಅರಿಸಿನದ ಬಟ್ಟೆ ಸುತ್ತಿದವನಾಗುತ್ತೇನೆ.

ಕೊನೆಯದಾಗಿ, ಈ ಪ್ರಶಸ್ತಿಗಿಂತ ಹಿಂದೆ ನಡೆದ, ನಾನು ಕುಳಿತು ನೋಡಿದ ಒಂದು ಪಂದ್ಯ. 2019ರ ಡಿಸೆಂಬರ್ 9ರಿಂದ 12ರವರೆಗೆ ನತ್ತಂ ಮೈದಾನದಲ್ಲಿ ಕರ್ನಾಟಕ ಮತ್ತು ತಮಿಳುನಾಡು ರಣಜಿ ಪಂದ್ಯ ಆಡಿದವು. 2015ರ ಫೈನಲ್‌ನಲ್ಲಿ ಮುಂಬಯಿಯ ವಾಂಖೇಡೆಯಲ್ಲಿ ಕರುಣ್ ನಾಯರ್ 328 ರನ್ ಹೊಡೆದು ತಮಿಳುನಾಡನ್ನು ಮಣಿಸಿದ್ದ ನೆನಪು ಎರಡೂ ಕಡೆ ಹಸಿಯಾಗಿತ್ತು. ಈ ಬಾರಿ ಅವರೇ ಕರ್ನಾಟಕದ ನಾಯಕ. ನನ್ನ ಜೊತೆ ಕಂಬಂ ಕಣಿವೆಯ ಒಕ್ಕಲಿಗ ಗೆಳೆಯನೊಬ್ಬ ಬಂದಿದ್ದನು. ಅಜ್ಜಿಯಿಂದ ಕಲಿತ ಹಳೆಯ ಕನ್ನಡ ಅವನದು, ಅಕ್ಷರ ಮಾತ್ರ ತಮಿಳಿನವೇ. ಶಾಲೆಯ ನೋಟ್ ಪುಸ್ತಕವೊಂದರಲ್ಲಿ ನಾನು ಕನ್ನಡ ಅಂಕಿಗಳಲ್ಲಿ ಸ್ಕೋರ್ ಬರೆಯುತ್ತಿದ್ದರೆ, ನಾನು ನೀರು ಕುಡಿಯಲು ಎದ್ದಾಗ ಅವನು ತನ್ನ ಅಂಕಿಗಳಲ್ಲಿ ಮುಂದುವರಿಸುತ್ತಿದ್ದನು.

ಕರ್ನಾಟಕ 336. ತಮಿಳುನಾಡು 307, ದಿನೇಶ್ ಕಾರ್ತಿಕ್ 113. ಎರಡನೆಯ ಸರದಿಯಲ್ಲಿ ಕರ್ನಾಟಕ 151ಕ್ಕೆ ಮುಗಿದಾಗ ತಮಿಳುನಾಡಿಗೆ ಬೇಕಾದದ್ದು 181. ಅಶ್ವಿನ್ ಅವರೂ ಆಡುತ್ತಿದ್ದ ಆ ಪಂದ್ಯವನ್ನು ತಮ್ಮದಾಗಿಸಿಕೊಂಡವರು ಮಾತ್ರ ಕರ್ನಾಟಕದ ಆಫ್ ಸ್ಪಿನ್ನರ್ ಕೃಷ್ಣಪ್ಪ ಗೌತಮ್. ನಾಲ್ಕು ತಿಂಗಳ ಹಿಂದೆ ಕರ್ನಾಟಕ ಪ್ರೀಮಿಯರ್ ಲೀಗಿನ ಒಂದೇ ಪಂದ್ಯದಲ್ಲಿ 56 ಎಸೆತಗಳಿಗೆ 134 ರನ್ ಹೊಡೆದು, ಬಳಿಕ 15 ರನ್ನಿಗೆ 8 ವಿಕೆಟ್ ಪಡೆದವರು ಇವರು. ಆ ಲೀಗಿಗೆ ಅಧಿಕೃತ ಮಾನ್ಯತೆ ಇಲ್ಲದ ಕಾರಣ ಆ ಸಾಧನೆ ವಿಶ್ವದ ದಾಖಲೆ ಪಟ್ಟಿಗೆ ಸೇರಲಿಲ್ಲ. ಚಾಡ್ವಿಕ್‌ನ ಪಟ್ಟಿಯಲ್ಲಿ ತಾಳ್ಮೆ ಸೇರದ ಹಾಗೆ. ಮುಂದೆ 2021ರಲ್ಲಿ ಚೆನ್ನೈ ತಂಡ ಅವರಿಗೆ 9.25 ಕೋಟಿ ಕೊಟ್ಟು ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ ಎಂಬುದು ಇನ್ನೊಂದು ವಿಚಿತ್ರ. ಬೆಲೆ ಒಂದು, ಬಳಕೆ ಇನ್ನೊಂದು.

ನತ್ತಂನಲ್ಲಿ ಮಾತ್ರ ಎಲ್ಲವೂ ಎಣಿಕೆಗೆ ಬಂದಿತು. ಮೊದಲ ಸರದಿಯಲ್ಲಿ 110ಕ್ಕೆ 6 ವಿಕೆಟ್ ಪಡೆದಿದ್ದ ಗೌತಮ್ ಎರಡನೆಯದರಲ್ಲಿ ಒಂದೊಂದಾಗಿ ಕೆಡವುತ್ತ ಹೋದರು. ನಾಲ್ಕನೆಯ ದಿನದ ಬಿಸಿಲು ಇಳಿಯುತ್ತ ಬಂದಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗರ ಕೂಗು ತಗ್ಗಿತು. ಗೆಳೆಯ ನನ್ನ ಕಡೆ ಬಾಗಿ ಕೇಳಿದನು: “ಅಣ್ಣಾ, ಈಗ ನಾನು ನಗಬೇಕೋ, ಅಳಬೇಕೋ?” ನಾನು ಉತ್ತರ ಹೇಳಲಿಲ್ಲ. ಆ ಪ್ರಶ್ನೆ ಅವನೊಬ್ಬನದಲ್ಲ. ಈ ಸೀಮೆಯಲ್ಲಿ ಮನೆ ಮಾಡಿಕೊಂಡ ನಮ್ಮೆಲ್ಲರದು. ನಾವು ಯಾವ ಪಡೆಯ ಎಣಿಕೆಗೆ ಸೇರಿದವರೆಂದು ಕೇಳುವವರು ಎರಡೂ ಕಡೆ ಇದ್ದಾರೆ. ಹೈದರನ ಹಾಜರಿಯ ಸಾಲಿನಲ್ಲಿ ಸುತ್ತು ಹಾಕಿ ಬಂದವರಂತೆ ನಾವು ಎರಡು ಬಾರಿ ಎಣಿಸಿಕೊಂಡರೆ ತಪ್ಪೇನು ಎಂದು ಆ ಹೊತ್ತಿನಲ್ಲಿ ಅನ್ನಿಸಿತು.

ತಮಿಳುನಾಡು 154ಕ್ಕೆ ಮುಗಿಯಿತು. ಗೌತಮ್ 60 ರನ್ನಿಗೆ 8, ಪಂದ್ಯದಲ್ಲಿ 14. ಕರ್ನಾಟಕಕ್ಕೆ 26 ರನ್ನುಗಳ ಗೆಲುವು. ಆಟಗಾರರು ಕೈ ಕುಲುಕುತ್ತಿದ್ದಾಗ ಗೆಳೆಯ ನನ್ನ ಕೈಯಿಂದ ಪೆನ್ನನ್ನು ತೆಗೆದುಕೊಂಡು, ಪುಟದ ಕೊನೆಯಲ್ಲಿ ಎರಡೂ ತಂಡಗಳ ಮೊತ್ತಗಳನ್ನು ಒಂದರ ಕೆಳಗೆ ಒಂದು ಬರೆದು ಕೂಡಿಸಿ ನೋಡಿದನು. ಲೆಕ್ಕ ಸರಿಯಾಗಿತ್ತು. ನತ್ತಂನಿಂದ ದಿಂಡಿಗಲ್ಲಿಗೆ ಕೊನೆಯ ಬಸ್ಸು ಹೊರಡುವ ಮುಂಚೆ ನಾವು ಚಹಾ ಕುಡಿದೆವು; ದುಡ್ಡು ಕೊಟ್ಟವನು ಅವನು.